ಪುಟಕ್ಕೂ ಒಂದು ಮ್ಯುಟೇಷನ್ ಬೇಕು

ತುಂಗಭದ್ರಾ ಡ್ಯಾಂ ಎಷ್ಟು ನೀರು ಹಿಡಿಯುತ್ತದೆ? ಫೋನ್ ತೆಗೆದು ಹುಡುಕಿ ನೋಡಿ. ಒಂದು ಪುಟ 133 ಟಿಎಂಸಿ ಎನ್ನುತ್ತದೆ, ಇನ್ನೊಂದು 100.855, ಮತ್ತೊಂದು 105.788. ಮೂರೂ ಸುಳ್ಳಲ್ಲ. ಡ್ಯಾಂ ಕಟ್ಟಿದಾಗಿನ ಲೆಕ್ಕ ಸುಮಾರು 133. ಹೂಳು ತುಂಬುತ್ತಾ ಹೋಗಿ ಮುಂದೆ ಒಂದು ಸರ್ವೆಯಲ್ಲಿ 100.855 ಅಂತ ಬಂತು. 2016ರ ಸರ್ವೆಯಲ್ಲಿ 105.788 ಬಂತು, ಈಗ ಲೆಕ್ಕಕ್ಕೆ ಹಿಡಿಯುವುದು ಅದನ್ನೇ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತಲ್ಲ, ಅದಾದ ಮೇಲೆ 2025ರ ಮಳೆಗಾಲದಲ್ಲಿ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸುವುದು ಬೇಡ ಎಂದು ತೀರ್ಮಾನಿಸಿದರು. ಅಂದರೆ ಆ ವರ್ಷ 'ಡ್ಯಾಂ ತುಂಬಿತು' ಎಂಬ ಮಾತಿನ ಅರ್ಥವೇ ಬೇರೆ.

ಅಂಕಿಯ ಜೊತೆಗೆ ತಾರೀಖು ಇದ್ದಿದ್ದರೆ ಇದರಲ್ಲಿ ಗೊಂದಲವೇ ಇರುತ್ತಿರಲಿಲ್ಲ. ಆದರೆ ಎಷ್ಟೋ ಪುಟಗಳಲ್ಲಿ ಅದು ಇರುವುದಿಲ್ಲ. ಯಾವಾಗ ಬರೆದರು, ಆಮೇಲೆ ಯಾವಾಗ ತಿದ್ದಿದರು, ಏನು ತಿದ್ದಿದರು, ಒಂದೂ ಗೊತ್ತಾಗುವುದಿಲ್ಲ. ಈ ಬರಹದ ತಕರಾರು ಇಷ್ಟೇ. ಇದಕ್ಕೆ ಸುಲಭವಾದ, ಖರ್ಚಿಲ್ಲದ ಪರಿಹಾರವೂ ಇದೆ.

ಹಂಪಿಯ ಟಿಕೆಟ್ ತಗೊಳ್ಳಿ. ವಿಜಯ ವಿಠ್ಠಲ ಗುಡಿಗೆ ನಮ್ಮವರಿಗೆ 10 ರೂಪಾಯಿ ಇತ್ತು. 2016ರಲ್ಲಿ 30 ಆಯಿತು, 2018ರಲ್ಲಿ 40. ವಿದೇಶಿಯರಿಗೆ 250 ಇದ್ದದ್ದು 500, ಆಮೇಲೆ 600. ಮೂರೂ ದರದ ಪುಟಗಳು ಇವತ್ತಿಗೂ ನೆಟ್‌ನಲ್ಲಿ ತೇಲಾಡುತ್ತಿವೆ. ಪ್ರವಾಸಿಗರು ಹಳೆಯ ಪುಟ ಹಿಡಿದುಕೊಂಡು ಬಂದು ಗೈಡ್‌ಗಳ ಜೊತೆ, ಆಟೊದವರ ಜೊತೆ ಜಗಳಕ್ಕೆ ನಿಂತರೆ ತಪ್ಪು ಯಾರದ್ದು? ಸಂಡೂರಿನ ಅದಿರಿನ ಲೆಕ್ಕವೂ ಹೀಗೇ. ಬಳ್ಳಾರಿ ಭಾಗದಲ್ಲಿ ವರ್ಷಕ್ಕೆ ಎಷ್ಟು ತೆಗೆಯಬಹುದು ಎಂದರೆ 2013ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ 25 ದಶಲಕ್ಷ ಟನ್, 2017ರಲ್ಲಿ 28, 2022ರ ಆಗಸ್ಟ್‌ನಲ್ಲಿ 35. ಲಾರಿ ಓಡಾಟದ, ಧೂಳಿನ ಚರ್ಚೆ ಮಾಡುವಾಗ ಒಬ್ಬರು 25 ಹಿಡಿದು, ಇನ್ನೊಬ್ಬರು 35 ಹಿಡಿದು ವಾದ ಮಾಡಿದರೆ ಆ ವಾದ ಮುಗಿಯುವುದಾದರೂ ಹೇಗೆ?

ನಮ್ಮಂಥ ಸ್ಟ್ರಿಂಗರುಗಳಿಗೆ ಒಂದು ಅಡ್ಡದಾರಿ ಗೊತ್ತಿದೆ. ಇಂಗ್ಲಿಷ್ ಪುಟದಲ್ಲಿ 'ಹಾಸ್ಪೆಟ್' ಎಂದಿದ್ದರೆ ಅದು 2014ರ ನವೆಂಬರ್ 1ಕ್ಕೂ ಹಿಂದಿನದು ಇರಬೇಕು, ಅವತ್ತಿನಿಂದಲೇ ಇಂಗ್ಲಿಷ್‌ನಲ್ಲೂ ಹೊಸಪೇಟೆ ಎಂದಾಗಿದ್ದು. 'ಬಳ್ಳಾರಿ ಜಿಲ್ಲೆಯ ಹೊಸಪೇಟೆ' ಎಂದಿದ್ದರೆ 2021ಕ್ಕೂ ಹಿಂದಿನದು, ಆ ವರ್ಷ ವಿಜಯನಗರ ಜಿಲ್ಲೆ ಆಯಿತು. ಕಂಪ್ಲಿ, ಸಂಡೂರಿಗೆ ಈ ಉಪಾಯ ನಡೆಯುವುದಿಲ್ಲ, ಅವೆರಡೂ ಬಳ್ಳಾರಿಯಲ್ಲೇ ಉಳಿದವು. ಹರಪನಹಳ್ಳಿಯದ್ದಂತೂ ಕೇಳಲೇಬೇಡಿ. ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ ಹೋಯಿತು, ತಿರುಗಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯದ್ದು ಎಂದು ಹೇಳುವ ಪುಟ ಮೂವತ್ತು ವರ್ಷ ಹಳೆಯದೂ ಇರಬಹುದು, ಐದಾರು ವರ್ಷ ಹಳೆಯದೂ ಇರಬಹುದು. ಓದುಗರು ಹೀಗೆ ಪತ್ತೇದಾರಿ ಮಾಡಿ ತಾರೀಖು ಹುಡುಕಬೇಕು ಎಂದರೆ ಅದು ಓದುವುದಲ್ಲ, ಒಗಟು ಬಿಡಿಸುವುದು.

ಒಗಟಾದರೆ ಪರವಾಗಿಲ್ಲ ಎನ್ನಬಹುದಿತ್ತು. ಕೆಲವು ಸಲ ಕೂಲಿಯೇ ಹೋಗುತ್ತದೆ. ಕಂಪ್ಲಿ ಕಡೆಯ ರೈತರೊಬ್ಬರು ಸಬ್ಸಿಡಿಯ ಅರ್ಜಿ ಕರೆದಿದ್ದಾರೆ ಎಂದು ಒಂದು ಕಚೇರಿಯ ಪುಟವನ್ನು ಫೋನಿನಲ್ಲಿ ನೋಡಿದರು. ಹೆಸರು ಬೇಡ, ಹಾಗೆ ನೋಡಿದರೆ ಎಲ್ಲ ಕಚೇರಿಗಳದ್ದೂ ಒಂದೇ ಕಥೆ. 'ಇದೇ ತಿಂಗಳ 31ರೊಳಗೆ' ಎಂದು ಇತ್ತು. ಪಹಣಿ, ಆಧಾರ್, ಪಾಸ್‌ಬುಕ್ ಎಲ್ಲ ಜೆರಾಕ್ಸ್ ಮಾಡಿಸಿ, ಒಂದು ದಿನದ ಕೆಲಸ ಬಿಟ್ಟು ಬಸ್ ಹಿಡಿದು ಬಂದರು. ಕೌಂಟರಿನಲ್ಲಿದ್ದವರು ಫೋನ್ ನೋಡಿ, "ಇದು ಹೋದ ವರ್ಷದ್ದು ಯಜಮಾನ್ರೆ" ಅಂದರು. ಯಾವ ತಿಂಗಳು ಎಂದು ಬರೆಯದೆ 'ಇದೇ ತಿಂಗಳು' ಎಂದು ಬರೆದ ಪುಟ ಪ್ರತಿ ತಿಂಗಳೂ ನಿಜ, ಪ್ರತಿ ತಿಂಗಳೂ ಸುಳ್ಳು. ಅದಕ್ಕೆ ಬೆಲೆ ಕೊಟ್ಟಿದ್ದು ಬರೆದವರಲ್ಲ, ಬಸ್ಸಿನಲ್ಲಿ ಬಂದವರು.

ತಾರೀಖು ಹಾಕುವುದು ಅಷ್ಟು ಕಷ್ಟವೇ ಎಂದು ನೀವು ಕೇಳಬಹುದು. ಕಷ್ಟವಲ್ಲ, ಆದರೆ ಈಗ ಹಾಕುತ್ತಿರುವ ರೀತಿಗಳಲ್ಲಿ ಒಂದೂ ನೆಟ್ಟಗಿಲ್ಲ. ಒಂದು, ಕೈಯಲ್ಲಿ ಬರೆಯುವುದು. ಪುಟ ಮಾಡಿದ ದಿನ ಬರೆಯುತ್ತಾರೆ, ತಿದ್ದಿದ ದಿನ ಮರೆಯುತ್ತಾರೆ. ಇನ್ನೊಂದು, ಪುಟದ ತಲೆಯ ಮೇಲೆ ಇವತ್ತಿನ ತಾರೀಖು ತಾನಾಗಿ ಮೂಡುವಂತೆ ಮಾಡುವುದು. ಇದು ಎಲ್ಲಕ್ಕಿಂತ ಕೆಟ್ಟದ್ದು. ಹತ್ತು ವರ್ಷದ ಹಿಂದಿನ ಸುದ್ದಿಯ ಮೇಲೂ ಇವತ್ತಿನ ವಾರ, ತಾರೀಖು ಹೊಳೆಯುತ್ತಿರುತ್ತದೆ, ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದರೆ ಮುಗಿಯಿತು. ಮತ್ತೊಂದು, ಪುಟದ ಅಡಿಯಲ್ಲಿ 'ಕೊನೆಯದಾಗಿ ನವೀಕರಿಸಿದ್ದು' ಎಂದು ಒಂದು ಸಾಲು. ಅದು ಈ ಪುಟದ ತಾರೀಖೋ, ಇಡೀ ತಾಣದ ತಾರೀಖೋ ಓದುವವರಿಗೆ ತಿಳಿಯುವುದಿಲ್ಲ. ಎಲ್ಲೋ ಮೂಲೆಯಲ್ಲಿ ಒಂದು ಟೆಂಡರ್ ಪ್ರಕಟಣೆ ಏರಿಸಿದರೆ ಸಾಕು, ಎಲ್ಲ ಪುಟಗಳೂ ಹೊಸದಾಗಿ ಕಂಡುಬಿಡುತ್ತವೆ.

ಈಗ ಪರಿಹಾರಕ್ಕೆ ಬರೋಣ. ಅದಕ್ಕೆ ಮೊದಲು ನಿಮ್ಮ ಪಹಣಿ ನೆನಪು ಮಾಡಿಕೊಳ್ಳಿ. ಪಹಣಿಯಲ್ಲಿ ಕಾಣುವುದು ಇವತ್ತಿನ ಸ್ಥಿತಿ: ಜಮೀನು ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ, ಎಷ್ಟು ಗುಂಟೆ. ಆ ಹೆಸರು ಹೇಗೆ ಬಂತು ಎಂಬುದು ಮ್ಯುಟೇಷನ್ ರಿಜಿಸ್ಟರಿನಲ್ಲಿ. ತಂದೆಯಿಂದ ಪೌತಿ ಖಾತೆ ಆಗಿದ್ದೋ, ಕ್ರಯಕ್ಕೆ ಬಂದಿದ್ದೋ, ಭಾಗ ಆಗಿದ್ದೋ, ಪ್ರತಿಯೊಂದಕ್ಕೂ ನಂಬರ್ ಇದೆ, ತಾರೀಖು ಇದೆ. ಪಹಣಿಯಲ್ಲಿ ಹೆಸರಿನ ಪಕ್ಕ ಎಂ.ಆರ್. ಎಂದು ಇರುವುದು ಆ ನಂಬರೇ. ಜಗಳ ಬಂದಾಗ ವಕೀಲರು ಮೊದಲು ಕೇಳುವುದು ಪಹಣಿಯನ್ನಲ್ಲ, "ಎಂ.ಆರ್. ತಗೊಂಡು ಬನ್ನಿ" ಅಂತಾರೆ.

ವೆಬ್ ಪುಟಗಳಿಗೂ ಇಂಥ ಮ್ಯುಟೇಷನ್ ರಿಜಿಸ್ಟರ್ ಇದೆ. ಅದರ ಹೆಸರು ಗಿಟ್. ಲಿನಕ್ಸ್ ಕಟ್ಟಿದ ಲೀನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ಬರೆದರು. ಸಾವಿರಾರು ಜನ ಒಂದೇ ಕೋಡ್ ತಿದ್ದುವಾಗ ಯಾರು, ಯಾವತ್ತು, ಯಾವ ಸಾಲು ಬದಲಾಯಿಸಿದರು ಎಂದು ಲೆಕ್ಕ ಇಡಲು ಬೇಕಾಗಿತ್ತು. ಇವತ್ತು ಜಗತ್ತಿನ ಬಹುಪಾಲು ಸಾಫ್ಟ್‌ವೇರ್ ಕೆಲಸ ಇದರ ಮೇಲೇ ನಡೆಯುತ್ತದೆ. ಪುಕ್ಕಟೆ ಸಿಗುತ್ತದೆ. ಫೈಲು ತಿದ್ದಿ 'ಕಮಿಟ್' ಕೊಟ್ಟಾಗಲೆಲ್ಲ ಅದು ಒಂದು ನಮೂದು ಬರೆದುಕೊಳ್ಳುತ್ತದೆ. ಹೆಸರು, ಸಮಯ, ಏನು ಬದಲಾಯಿತು, ಯಾಕೆ ಎಂಬ ಒಂದು ಸಾಲಿನ ಟಿಪ್ಪಣಿ.

ಚಿಕ್ಕ ಸುದ್ದಿತಾಣಗಳು, ಸಂಘಗಳ ಪುಟಗಳು ಎಷ್ಟೋ 'ಸ್ಟ್ಯಾಟಿಕ್' ಬಗೆಯವು. ಮಂಡಕ್ಕಿ ಒಗ್ಗರಣೆಯನ್ನು ನೀವು ಕೇಳಿದ ಮೇಲೆ ಬಾಣಲೆಗೆ ಹಾಕಿ ಕೊಡುವುದು ಒಂದು ರೀತಿ, ಬೆಳಿಗ್ಗೆಯೇ ಮಾಡಿ ಪೊಟ್ಟಣ ಕಟ್ಟಿಟ್ಟು ಕೊಡುವುದು ಇನ್ನೊಂದು ರೀತಿ. ಸ್ಟ್ಯಾಟಿಕ್ ಎಂದರೆ ಪೊಟ್ಟಣ ಕಟ್ಟಿಟ್ಟದ್ದು. ಪುಟ ಮೊದಲೇ ತಯಾರಾಗಿರುತ್ತದೆ, ಸರ್ವರ್ ಬರೀ ಎತ್ತಿ ಕೊಡುತ್ತದೆ. ಡೇಟಾ ಕಡಿಮೆ ಸಾಕು, ಸಿಗ್ನಲ್ ಒಂದೇ ಕಡ್ಡಿ ಇದ್ದರೂ ತೆರೆಯುತ್ತದೆ. ಹ್ಯೂಗೊ, ಜೆಕಿಲ್ ಇವೆಲ್ಲ ಪೊಟ್ಟಣ ಕಟ್ಟುವ ಸಾಫ್ಟ್‌ವೇರ್‌ಗಳು. ಪುಟಗಳ ಮೂಲ ಬರಹ ಸಾಮಾನ್ಯವಾಗಿ ಗಿಟ್‌ನಲ್ಲೇ ಇರುತ್ತದೆ. ಅಂದರೆ ರಿಜಿಸ್ಟರ್ ಆಗಲೇ ಇದೆ, ತೆಗೆದು ತೋರಿಸುವುದಷ್ಟೇ ಬಾಕಿ! ಹ್ಯೂಗೊದಲ್ಲಿ ಸೆಟ್ಟಿಂಗ್ಸ್‌ಗೆ ಒಂದು ಸಾಲು ಸೇರಿಸಿದರೆ ಪ್ರತಿ ಪುಟದ ಕೊನೆಯ ಬದಲಾವಣೆಯ ತಾರೀಖನ್ನು ಅದು ಗಿಟ್‌ನಿಂದ ತಾನೇ ಓದಿಕೊಳ್ಳುತ್ತದೆ, ಟೆಂಪ್ಲೇಟ್‌ನಲ್ಲಿ ಅದನ್ನು ತೋರಿಸುವ ಸಾಲು ಹಾಕಿದರೆ ಆಯಿತು. ಜೆಕಿಲ್‌ಗೆ ಒಂದು ಪ್ಲಗಿನ್ ಬೇಕು. ಬರೆಯುವವರು ನೆನಪಿಟ್ಟುಕೊಳ್ಳಬೇಕಾದ್ದು ಏನೂ ಇಲ್ಲ.

ಆದರೆ ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ತಾಣ ನಡೆಸುವ ಗೆಳೆಯರು ಇಲ್ಲಿ ಸ್ವಲ್ಪ ಗಮನ ಕೊಟ್ಟು ಓದಬೇಕು.

ಫೈಲಿನ ಮೇಲೆ ಕಂಪ್ಯೂಟರ್ ಒತ್ತುವ ಸಮಯವನ್ನು ಗಿಟ್ ಕಾಪಾಡುವುದಿಲ್ಲ. ಬೇರೆ ಕಂಪ್ಯೂಟರಿಗೆ ನಕಲು ಇಳಿಸಿಕೊಂಡಾಗ ಎಲ್ಲ ಫೈಲುಗಳ ಮೇಲೂ ಇಳಿಸಿಕೊಂಡ ಹೊತ್ತೇ ಬೀಳುತ್ತದೆ. ಹಾಗಾಗಿ ಫೈಲಿನ ಸಮಯ ಹಿಡಿದು ತಾರೀಖು ತೋರಿಸಿದರೆ ತಪ್ಪಾಗುತ್ತದೆ, ಚರಿತ್ರೆಯಿಂದಲೇ ತೆಗೆಯಬೇಕು. ಇನ್ನೊಂದು ಗುಂಡಿ ಇದಕ್ಕಿಂತ ಆಳ. ಗಿಟ್‌ಹಬ್‌ನಲ್ಲಿ ಪುಟಗಳು ತಾನಾಗಿ ತಯಾರಾಗುವಂತೆ ಮಾಡಿದ್ದರೆ, ಅಲ್ಲಿಯ ಯಂತ್ರ ಸುಮ್ಮನಿದ್ದರೆ ಇಡೀ ಚರಿತ್ರೆ ತರುವುದಿಲ್ಲ, ಕೊನೆಯ ಒಂದು ಕಮಿಟ್ ಮಾತ್ರ ತರುತ್ತದೆ. ಆಗ ಅದಕ್ಕೆ ಎಲ್ಲ ಪುಟಗಳೂ ಅದೇ ದಿನ ಹುಟ್ಟಿದಂತೆ ಕಾಣುತ್ತವೆ. ರಿಜಿಸ್ಟರಿನ ಕೊನೆಯ ಹಾಳೆ ಮಾತ್ರ ಹರಿದು ತಂದು 'ಊರಿನ ಜಮೀನೆಲ್ಲ ಮೊನ್ನೆಯೇ ಕೈ ಬದಲಾಯಿತು' ಎಂದ ಹಾಗೆ. ಪೂರ್ತಿ ಚರಿತ್ರೆ ತಾ ಎಂದು ಹೇಳಬೇಕು, ಅದಕ್ಕೂ ಒಂದೇ ಸಾಲು. ಎಲ್ಲ ಪುಟಕ್ಕೂ ಒಂದೇ ತಾರೀಖು ಕಂಡರೆ ಮೊದಲು ಇದನ್ನೇ ನೋಡಿ.

ಮೂರನೆಯದು ಯಂತ್ರದ ತಪ್ಪಲ್ಲ. ಎಲ್ಲ ಪುಟಗಳಲ್ಲಿ ಒಂದು ಕಾಗುಣಿತ ಬದಲಾಯಿಸಿದಿರಿ ಎನ್ನಿ, ಅಥವಾ ಫೋಟೊದ ಫೋಲ್ಡರ್ ಹೆಸರು ಬದಲಾಯಿತು. ಗಿಟ್‌ನ ಪ್ರಕಾರ ಪ್ರತಿ ಪುಟವೂ ಇವತ್ತು ಬದಲಾಗಿದೆ. ಓದುಗರ ಪ್ರಕಾರ ಏನೂ ಬದಲಾಗಿಲ್ಲ. ಡ್ಯಾಂನ ಅಂಕಿ ತಿದ್ದಿದ್ದಕ್ಕೂ ಅಲ್ಪವಿರಾಮ ತಿದ್ದಿದ್ದಕ್ಕೂ ಒಂದೇ ಮರ್ಯಾದೆ ಸಿಕ್ಕರೆ ಆ ತಾರೀಖಿಗೆ ಬೆಲೆ ಇಲ್ಲ. ಬ್ರಿಟನ್ ಸರ್ಕಾರದ ಗವ್ ಡಾಟ್ ಯುಕೆ ತಾಣದಲ್ಲಿ ಇದಕ್ಕೆ ಒಳ್ಳೆಯ ಪದ್ಧತಿ ಇದೆ. ಪುಟ ತಿದ್ದುವವರು ಇದು ಸಣ್ಣದೋ ದೊಡ್ಡದೋ ಎಂದು ಹೇಳಬೇಕು. ಸಣ್ಣದಾದರೆ ತಾರೀಖು ಬದಲಾಗುವುದಿಲ್ಲ. ದೊಡ್ಡದಾದರೆ ಏನು ಬದಲಾಯಿತು ಎಂದು ಒಂದು ಸಾಲು ಬರೆಯಬೇಕು. ಪ್ರಕಟವಾದ ದಿನ, ಕೊನೆಗೆ ಬದಲಾದ ದಿನ, ಹಿಂದಿನ ಬದಲಾವಣೆಗಳ ಪಟ್ಟಿ, ಮೂರನ್ನೂ ಓದುಗರು ನೋಡಬಹುದು. ಗಿಟ್ ಬಳಸುವವರು ಕಮಿಟ್ ಟಿಪ್ಪಣಿಯಲ್ಲಿ 'ಸಣ್ಣದು' ಎಂದು ಒಂದು ಪದ ಹಾಕಿ, ತಾರೀಖು ತೆಗೆಯುವಾಗ ಅಂಥವನ್ನು ಬಿಟ್ಟುಬಿಡುವಂತೆ ಮಾಡಿಕೊಳ್ಳಬಹುದು.

ಇನ್ನು, ಗಿಟ್‌ನಲ್ಲಿ ಸುಳ್ಳು ತಾರೀಖು ಹಾಕಲು ಬರುತ್ತದೆಯೇ? ಬರುತ್ತದೆ. ಕಂಪ್ಯೂಟರಿನ ಗಡಿಯಾರ ಹಿಂದಿಟ್ಟರೂ ಸಾಕು. ಆದರೆ ಒಂದು ಸಲ ಬರೆದು ಬೇರೆಯವರ ಕೈಗೆ ನಕಲು ಹೋದ ಮೇಲೆ ನಡುವಿನ ನಮೂದು ತಿದ್ದುವುದು ಗುಟ್ಟಾಗಿ ಆಗುವ ಕೆಲಸವಲ್ಲ. ಪ್ರತಿ ನಮೂದಿನ ಗುರುತು ಸಂಖ್ಯೆ ಅದರ ಹಿಂದಿನ ನಮೂದಿನ ಮೇಲೆ ನಿಂತಿರುತ್ತದೆ, ಒಂದನ್ನು ತಿದ್ದಿದರೆ ಮುಂದಿನವುಗಳ ಸಂಖ್ಯೆಯೆಲ್ಲ ಬದಲಾಗುತ್ತದೆ. ನಕಲು ಇಟ್ಟುಕೊಂಡವರಿಗೆ ತಕ್ಷಣ ಗೊತ್ತಾಗುತ್ತದೆ. ಜೊತೆಗೆ ಗಿಟ್ ಪ್ರತಿ ನಮೂದಿಗೂ ಎರಡು ಸಮಯ ಇಡುತ್ತದೆ. ಬರೆದದ್ದು ಯಾವಾಗ, ರಿಜಿಸ್ಟರಿಗೆ ಸೇರಿಸಿದ್ದು ಯಾವಾಗ. ಎರಡರ ನಡುವೆ ತಿಂಗಳುಗಟ್ಟಲೆ ಅಂತರ ಕಂಡರೆ ಯಾಕೆ ಎಂದು ಕೇಳಬಹುದು.

ಎರಡು ತಾರೀಖಿನ ಉಪಯೋಗ ನಮ್ಮ ಊರಿನವರಿಗೆ ಹೊಸದೇನಲ್ಲ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಹೊತ್ತಿನ ಶಾಸನ ಇದೆಯಲ್ಲ, ರಂಗಮಂಟಪ, ಗೋಪುರ ಕಟ್ಟಿಸಿದ್ದನ್ನು ಹೇಳುವುದು. ಅದರಲ್ಲಿ ಶಕ ವರ್ಷ 1430 ಎಂದಿದೆ, ಶುಕ್ಲ ಸಂವತ್ಸರ, ಮಾಘ ಶುದ್ಧ 14 ಎಂದೂ ಇದೆ. ಲೆಕ್ಕ ಹಾಕಿದರೆ ಶಕ 1430 ಎಂದರೆ ಕ್ರಿ.ಶ. 1508–09. ಶುಕ್ಲ ಸಂವತ್ಸರ ಬೀಳುವುದು 1509–10ಕ್ಕೆ. ಎರಡಕ್ಕೂ ಒಂದು ವರ್ಷ ವ್ಯತ್ಯಾಸ. ಸಂವತ್ಸರದ ಹೆಸರು ಹಿಡಿದು ಶಾಸನದ ಕಾಲ 1510ರ ಜನವರಿ ಎಂದು ಹೇಳುತ್ತಾರೆ. ಬರೀ ಶಕ ವರ್ಷವೊಂದೇ ಕೊರೆದಿದ್ದರೆ ಈ ವ್ಯತ್ಯಾಸ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಕಲ್ಲಿನ ಮೇಲೆ ವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ ಎಲ್ಲ ಕೊರೆಯಲು ಎಷ್ಟು ಉಳಿ ಪೆಟ್ಟು ಬೇಕಾಯಿತೋ! ನಮ್ಮ ಪುಟಗಳಿಗೆ ಒಂದು ಸಾಲು ಕೋಡ್ ಹಾಕಲು ಪುರುಸೊತ್ತಿಲ್ಲ.

ಇದಕ್ಕೆ ಬರುವ ಆಕ್ಷೇಪಣೆಗಳಲ್ಲಿ ಒಂದು ತೀರಾ ಹಗುರ, ಇನ್ನೊಂದು ತೂಕದ್ದು. ಹಗುರದ್ದು: 'ಹಳೇ ತಾರೀಖು ಕಂಡರೆ ಜನ ತೆರೆಯಲ್ಲ, ಗೂಗಲ್‌ನಲ್ಲೂ ಕೆಳಗೆ ಹೋಗ್ತೀವಿ.' ಗೂಗಲ್ ಹೇಳುವುದೇ ಬೇರೆ. ತಾಣದ ನಕ್ಷೆಯಲ್ಲಿ ಕೊಡುವ ಬದಲಾವಣೆಯ ತಾರೀಖು ಸತತವಾಗಿ ನಿಜವಾಗಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ತಗೊಳ್ಳುತ್ತೇವೆ ಎನ್ನುತ್ತದೆ. ದಿನಾ ಹೊಸ ತಾರೀಖು ಹಚ್ಚಿ ಹಳೇ ಸರಕು ಮಾರುವವರಿಗೆ ಅಲ್ಲಿ ಲಾಭವಿಲ್ಲ. ಓದುಗರು ಹಳೆಯದನ್ನು ಓದುವುದಿಲ್ಲ ಎಂಬುದೂ ನನಗೆ ಒಪ್ಪಿಗೆಯಿಲ್ಲ. ಹಳೆಯದು ಎಂದು ಗೊತ್ತಿದ್ದರೆ ಹಳೆಯದಾಗಿಯೇ ಓದುತ್ತಾರೆ.

ತೂಕದ್ದು ಇದು. ಚರಿತ್ರೆ ಇಟ್ಟರೆ ಅಳಿಸಿದ್ದೂ ಉಳಿಯುತ್ತದೆ. ಗಣಿ ಊರಿನಲ್ಲಿ ಒಬ್ಬರು ಧೈರ್ಯ ಮಾಡಿ ಮಾತಾಡಿರುತ್ತಾರೆ. ಎರಡು ದಿನ ಬಿಟ್ಟು ಫೋನ್ ಮಾಡಿ, "ಅಣ್ಣಾ, ನನ್ನ ಹೆಸರು ತೆಗೀರಿ, ಇಲ್ಲಿ ಇರಕ್ಕಾಗ್ತಿಲ್ಲ" ಅನ್ನುತ್ತಾರೆ. ಪುಟದಿಂದ ತೆಗೆಯುತ್ತೀರಿ. ಚರಿತ್ರೆ ಎಲ್ಲರಿಗೂ ತೆರೆದಿದ್ದರೆ ಹಿಂದಿನ ನಮೂದಿನಲ್ಲಿ ಹೆಸರು ಹಾಗೇ ಇರುತ್ತದೆ, ಹುಡುಕುವವರಿಗೆ ಎರಡು ನಿಮಿಷ ಸಾಕು. ಮಕ್ಕಳ ಪ್ರಕರಣಗಳಲ್ಲಿ ಇದು ಕಾನೂನಿನ ವಿಷಯವೂ ಹೌದು. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಗುರುತು ಬಯಲು ಮಾಡುವುದನ್ನು ಮಾಧ್ಯಮಗಳಿಗೆ ನಿಷೇಧಿಸುತ್ತದೆ, ಹಳೆಯ ಕಮಿಟ್‌ನಲ್ಲಿ ಇದೆ ಎಂದರೆ ಬಯಲಾಗಿಲ್ಲ ಎಂದೇನೂ ಅಲ್ಲ. ತಿದ್ದಿದವರ ಹೆಸರು, ಇ-ಮೇಲ್ ಕೂಡ ಪ್ರತಿ ನಮೂದಿನಲ್ಲಿ ಕೂತಿರುತ್ತದೆ. ಹಳ್ಳಿಯಲ್ಲೇ ಮನೆ ಇರುವ ವರದಿಗಾರರಿಗೆ ಇದು ಸಣ್ಣ ಮಾತಲ್ಲ.

ಹಾಗಾಗಿ ಸುದ್ದಿತಾಣಗಳು ಇಡೀ ಚರಿತ್ರೆಯನ್ನು ಬಯಲಿಗೆ ಇಡಬೇಕು ಎಂದು ನಾನು ಹೇಳುವುದಿಲ್ಲ. ರಿಜಿಸ್ಟರ್ ಒಳಗಿರಲಿ, ಅದರಿಂದ ತೆಗೆದ ತಾರೀಖು ಹೊರಗೆ ಕಾಣಲಿ. ಪ್ರಕಟವಾದ ದಿನ ಒಂದು, ಕೊನೆಗೆ ತಿದ್ದಿದ ದಿನ ಒಂದು, ತಿದ್ದಿದ್ದು ಏನು ಎಂಬ ಒಂದು ಸಾಲು. 'ಡ್ಯಾಂ ಸಾಮರ್ಥ್ಯದ ಅಂಕಿ ಬದಲಾಯಿಸಲಾಗಿದೆ', ಇಷ್ಟೇ ಸಾಕು. ಹೆಸರು ತೆಗೆದಾಗ 'ಕೋರಿಕೆಯ ಮೇಲೆ ಒಂದು ವಿವರ ತೆಗೆಯಲಾಗಿದೆ' ಎನ್ನಬಹುದು. ಸರ್ಕಾರಿ ಪುಟಗಳ ಮಾತು ಬೇರೆ. ಫಲಾನುಭವಿಗಳ ಖಾಸಗಿ ವಿವರ ಬಿಟ್ಟು, ನಿಯಮ, ದರ, ಕೊನೆಯ ದಿನಾಂಕ ಇಂಥವುಗಳ ಚರಿತ್ರೆ ಪೂರ್ತಿ ತೆರೆದೇ ಇರಬೇಕು. ಕೊನೆಯ ದಿನಾಂಕವನ್ನು 15ರಿಂದ 10ಕ್ಕೆ ಇಳಿಸಿದರೆ ಯಾವಾಗ ಇಳಿಸಿದರು ಎಂದು ಕೇಳುವ ಹಕ್ಕು ಅರ್ಜಿ ಹಾಕುವವರಿಗೆ ಇದೆ.

ಚರಿತ್ರೆ ತೆರೆದಿಟ್ಟರೆ ಹೇಗಿರುತ್ತದೆ ಎಂದು ನೋಡಬೇಕಾದರೆ ಕನ್ನಡ ವಿಕಿಪೀಡಿಯ ತೆರೆಯಿರಿ. 2003ರಿಂದ ನಡೆಯುತ್ತಿದೆ. ಅದರ ಒಳಗಿರುವುದು ಗಿಟ್ ಅಲ್ಲ, ಬೇರೆ ಯಂತ್ರ, ಆದರೆ ಲೆಕ್ಕ ಅದೇ. ಹಂಪಿಯ ಪುಟಕ್ಕೆ ಹೋಗಿ ಇತಿಹಾಸ ಒತ್ತಿದರೆ ಮೊದಲ ಸಾಲಿನಿಂದ ಹಿಡಿದು ಎಲ್ಲ ತಿದ್ದುಪಡಿಯೂ ತಾರೀಖಿನ ಜೊತೆ ಸಿಗುತ್ತದೆ. ತಪ್ಪು ಅಲ್ಲೂ ಇರುತ್ತದೆ, ಯಾವತ್ತಿನಿಂದ ಇದೆ ಎಂದು ಮಾತ್ರ ಗೊತ್ತಾಗುತ್ತದೆ.

2024ರ ಆ ವಾರವನ್ನೇ ನೋಡಿ. ಆಗಸ್ಟ್ 10ರ ರಾತ್ರಿ ಗೇಟು ಹೋಯಿತು. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ಆ ಏಳು ದಿನ ನದಿ ದಂಡೆಯ ಊರುಗಳಿಗೆ ಗಂಟೆಗೊಂದು ಸುದ್ದಿ ಬೇಕಿತ್ತು. ಎಷ್ಟು ಕ್ಯುಸೆಕ್ ಬಿಟ್ಟರು, ಕಂಪ್ಲಿ–ಗಂಗಾವತಿ ಸೇತುವೆ ಮೇಲೆ ಓಡಾಡಬಹುದೇ, ಪುರಂದರ ಮಂಟಪ ಎಷ್ಟು ಮುಳುಗಿದೆ. ಹಿಂದಿನ ವರ್ಷಗಳ ಪ್ರವಾಹದ ಫೋಟೊಗಳು ಇಂಥ ಹೊತ್ತಿನಲ್ಲಿ ಎದ್ದು ಬರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಿದಾಗ ಕ್ಯಾಮೆರಾ ಬರೆದಿದ್ದ ತಾರೀಖು ಅಳಿಸಿಹೋಗುತ್ತದೆ, ಹಾಗಾಗಿ ಫೋಟೊ ನೋಡಿ ಕಾಲ ಹೇಳಲಾಗುವುದಿಲ್ಲ. 'ಬೆಳಿಗ್ಗೆ 6.10ಕ್ಕೆ ಬದಲಾಯಿತು: ಸೇತುವೆ ಬಂದ್' ಎಂದು ತಲೆಯ ಮೇಲೆ ತೋರಿಸುವ ಒಂದು ಹಗುರ ಪುಟ ಅಂಥ ಹೊತ್ತಿನಲ್ಲಿ ನೂರು ಫಾರ್ವರ್ಡ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅಂಥ ಪುಟಕ್ಕೆ ತಾರೀಖು ಮಾತ್ರ ಸಾಲದು, ಗಂಟೆಯೂ ಬೇಕು. ಗಿಟ್‌ನಲ್ಲಿ ಸೆಕೆಂಡ್‌ವರೆಗೂ ಇರುತ್ತದೆ.

ತಾರೀಖಿಲ್ಲದ ಪುಟ ಸಿಕ್ಕಾಗ ನೀವು ಫೋನಿನಲ್ಲೇ ಮಾಡಬಹುದಾದದ್ದೂ ಇದೆ. ವೇಬ್ಯಾಕ್ ಮಷೀನ್ ಎಂಬ ತಾಣಕ್ಕೆ ಹೋಗಿ ಆ ಪುಟದ ವಿಳಾಸ ಹಾಕಿ. ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಪುಟಗಳ ನಕಲು ತೆಗೆದಿಡುತ್ತಾ ಬಂದಿದೆ. ಯಾವ ದಿನ ಆ ಪುಟ ಹೇಗಿತ್ತು ಎಂದು ಕ್ಯಾಲೆಂಡರಿನಲ್ಲಿ ತೋರಿಸುತ್ತದೆ. ಎಲ್ಲ ಪುಟಗಳೂ ಅಲ್ಲಿ ಇರುವುದಿಲ್ಲ. ಮುಖ್ಯವಾದ ಪುಟ ಕಂಡಾಗ ನೀವೇ ಅಲ್ಲಿ ಉಳಿಸಿಡಬಹುದು, ನಾಳೆ ಯಾರಾದರೂ ಸದ್ದಿಲ್ಲದೆ ಬದಲಾಯಿಸಿದರೆ ಮೂರನೆಯವರ ಸಾಕ್ಷಿ ಇರುತ್ತದೆ.

ಕಚೇರಿಗಳನ್ನು ಕೇಳಲು ಕಾನೂನೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಬಗ್ಗೆ 17 ಅಂಶಗಳನ್ನು ತಾನಾಗಿ ಪ್ರಕಟಿಸಬೇಕು, ಪ್ರತಿ ವರ್ಷ ಹೊಸದು ಮಾಡಬೇಕು. ಗ್ರಾಮ ಪಂಚಾಯಿತಿಗೂ ಇದು ಅನ್ವಯ. ಪುಟದ ಮೇಲೆ ತಾರೀಖೇ ಇಲ್ಲದಿದ್ದರೆ ಪ್ರತಿ ವರ್ಷ ಮಾಡಿದರೋ ಇಲ್ಲವೋ ಎಂದು ನೋಡುವುದು ಹೇಗೆ? ಹತ್ತು ರೂಪಾಯಿ ಶುಲ್ಕದ ಅರ್ಜಿಯಲ್ಲಿ 'ಈ ಪುಟವನ್ನು ಕೊನೆಯ ಮೂರು ಸಲ ಯಾವ ಯಾವ ದಿನ ಬದಲಾಯಿಸಲಾಗಿದೆ' ಎಂದು ಕೇಳಬಹುದು. ನಿಮ್ಮ ಪಂಚಾಯಿತಿಯದ್ದೋ ತಾಲ್ಲೂಕು ಕಚೇರಿಯದ್ದೋ 4(1)(ಬಿ) ಪುಟ ಇವತ್ತು ಒಮ್ಮೆ ತೆರೆದು ನೋಡಿ. ಅದರಲ್ಲಿರುವ ಅಧಿಕಾರಿಗಳ ಹೆಸರು ಈಗ ಆ ಕುರ್ಚಿಯಲ್ಲಿ ಕೂತವರದ್ದೋ, ಎರಡು ವರ್ಗಾವಣೆ ಹಿಂದಿನವರದ್ದೋ, ನಮಗೂ ಬರೆದು ತಿಳಿಸಿ.